ಗಾಜಿನ ಹಿಂದಿನ ಮದುಮಗಳು

ಫಳ್ಳನೆ ಬೆಳಕು ಕಣ್ಣಿಗೆ ಹೊಡೆಯಿತು.

ಅತೀಕಾ ಮುಖ ತಿರುಗಿಸಿದಳು. ಬೆಳಕು ಒಂದು ಕ್ಷಣ ಆಚೆ ಸರಿಯಿತು. ಮತ್ತೆ ಬಂದು ಅವಳ ಕೆನ್ನೆಯ ಮೇಲೆ ಕೂತಿತು. ಹಿಂದೆ ನಿಂತಿದ್ದ ವಿದ್ಯಾರ್ಥಿನಿಯರಲ್ಲಿ ಯಾರೋ ಕಿಸಕ್ಕೆಂದರು.

ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಅಂಗಳ. ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದ ಹಳೆಯ ಕಲ್ಲುಗಳು. ಆ ಕಲ್ಲುಗಳ ನಡುವೆ ಒಬ್ಬ ಗಂಡಸು ಮಂಡಿಯೂರಿ ಕೂತಿದ್ದ. ಅವನ ಕೈಯಲ್ಲಿ ಒಂದು ದೊಡ್ಡ ಕನ್ನಡಿ!

ಅತೀಕಾಳ ಮೈಯೆಲ್ಲ ಉರಿದುಹೋಯಿತು. ಹೈಸ್ಕೂಲಿಗೆ ಹೋಗುವಾಗ ಗೋಪಾಳದ ತಿರುವಿನಲ್ಲಿ ನಿಂತು ಹುಡುಗಿಯರ ಮುಖಕ್ಕೆ ಕನ್ನಡಿಯ ಬಿಸಿಲು ಬಿಡುತ್ತಿದ್ದ ಪೋಲಿಗಳು ನೆನಪಾದರು. ಆಗ ತಲೆ ತಗ್ಗಿಸಿ ಹೋಗುತ್ತಿದ್ದವಳು ಈಗ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಡಂ. ಈಗ ಯಾಕೆ ತಗ್ಗಿಸಬೇಕು?

"ಏನ್ರೀ! ಹೆಣ್ಣುಮಕ್ಕಳ ಕಣ್ಣಿಗೆ ಕನ್ನಡಿ ಬಿಡೋ ವಯಸ್ಸಾ ನಿಮ್ದು?"

ಅವನು ಗಾಬರಿಯಿಂದ ಎದ್ದು ನಿಂತ. ಮಂಡಿಗೆ ಹುಲ್ಲು ಮೆತ್ತಿತ್ತು. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

"ನನಗೆ ಮೂವತ್ನಾಲ್ಕು ಮೇಡಂ. ಕನ್ನಡಿಗೆ ಎಷ್ಟಾಯ್ತೋ ಗೊತ್ತಿಲ್ಲ. ಅಮ್ಮಿಯ ಅಲ್ಮೇರಾದಿಂದ ಬಿಚ್ಕೊಂಡು ಬಂದಿದ್ದು..."

ಹುಡುಗಿಯರು ಈ ಸಲ ಜೋರಾಗಿಯೇ ನಕ್ಕರು.

"ತಮಾಷೆ ಮಾಡ್ತಿದೀರಾ?"

"ಇಲ್ಲ ಮೇಡಂ, ಅಲ್ಲಾನ ಆಣೆ! ಸವೆದ ಕಲ್ಲಿಗೆ ಬಿಸಿಲು ನೇರ ಬಿದ್ರೆ ಏನೂ ಕಾಣಲ್ಲ. ಪಕ್ಕದಿಂದ ಬಿಡ್ಬೇಕು. ಒಂದೇ ನಿಮಿಷ, ನೋಡಿ..."

ಅವನು ಕನ್ನಡಿಯನ್ನು ಓರೆ ಮಾಡಿದ. ಬೆಳಕು ಕಲ್ಲಿನ ಅಂಚಿನಿಂದ ಹರಿದು ಬಂತು.

ಅತೀಕಾ ಕಲ್ಲಿನ ಮುಂದೆ ಬಗ್ಗಿದಳು.

ವರ್ಷಗಳಿಂದ ಅವಳು ನೋಡುತ್ತಾ ಬಂದ ಕಲ್ಲು ಅದು. ಬರೀ ಉಬ್ಬುತಗ್ಗು ಎಂದುಕೊಂಡಿದ್ದ ಜಾಗದಲ್ಲಿ ಈಗ ಮೂಗು ಎದ್ದಿತು, ತುರುಬು ಎದ್ದಿತು, ಕೈಬಳೆ ಎದ್ದಿತು! ಕೆಳಗೆ ದನಗಳನ್ನು ಬಿಡಿಸಿಕೊಳ್ಳಲು ಹೋರಾಡುತ್ತಿರುವ ವೀರ. ನಡುವೆ ಅದೇ ವೀರ ಸತ್ತು ಸ್ವರ್ಗಕ್ಕೆ ಹೋಗುತ್ತಿದ್ದಾನೆ. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಅವನ ತೋಳು ಹಿಡಿದಿದ್ದಾರೆ.

"ಮೇಡಂ, ಇವನಿಗೆ ಇಬ್ರು ಹೆಂಡ್ತೀರಾ?" ಕೇಳಿದವಳು ಕವನ. ತರಗತಿಯಲ್ಲಿ ಮೊದಲ ಬೆಂಚಿನ ಹುಡುಗಿ, ಬಾಯಿಗೆ ಬೀಗವಿಲ್ಲ.

"ಪಾಪ!" ಎಂದ ಕ್ಯಾಮೆರಾದವನು, ಕಲ್ಲಿನ ವೀರನನ್ನು ನೋಡುತ್ತಾ.

ನಗು ತಡೆಯಲು ಅತೀಕಾ ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿದಳು. "ಹೆಂಡತಿಯರಲ್ಲ ಕಣೆ, ಅಪ್ಸರೆಯರು. ಪಕ್ಕದಲ್ಲಿ ಕೆತ್ತಿದ ಮಾತ್ರಕ್ಕೆ ಹೆಂಡತಿ ಆಗಿಬಿಡಲ್ಲ. ಕಲ್ಲು ನೋಡಿದ ತಕ್ಷಣ ತೀರ್ಪು ಕೊಡಬಾರದು. ಇದನ್ನ ಯಾರು ಮಾಡಿಸಿದ್ರು? ಯಾಕೆ? ಯಾರಿಗೆ ತೋರಿಸೋಕೆ? ಮೊದಲು ಇದನ್ನ ಕೇಳ್ಬೇಕು."

ಅಷ್ಟರಲ್ಲಿ ಅವಳ ಸಹೋದ್ಯೋಗಿ ದೀಪಶ್ರೀ ಏದುಸಿರು ಬಿಡುತ್ತಾ ಬಂದಳು.

"ಅಯ್ಯೋ ಮಾರಾಯ್ತಿ, ಆಗಲೇ ಪರಿಚಯ ಆಯ್ತಾ? ಇವರೇ ಮುಬಶ್ಶಿರ್. ಭದ್ರಾವತೀಲಿ ಸ್ಟುಡಿಯೋ ಇದೆ. ನಮ್ಮ ಪ್ರದರ್ಶನಕ್ಕೆ ಫೋಟೋ ತೆಗೆಯೋರು."

ಮುಬಶ್ಶಿರ್ ಎಡಗೈಯಲ್ಲಿ ಕನ್ನಡಿಯನ್ನು ತಬ್ಬಿಕೊಂಡೇ ಬಲಗೈಯಲ್ಲಿ ಸಲಾಂ ಮಾಡಿದ. "ಪರಿಚಯ ಚೆನ್ನಾಗೇ ಆಯ್ತು ಮೇಡಂ."

ಅತೀಕಾಳ ಕಿವಿಯ ತುದಿ ಕೆಂಪಗಾಯಿತು. ಅದು ಕೋಪವೋ, ನಾಚಿಕೆಯೋ? ಅವಳಿಗೇ ತಿಳಿಯಲಿಲ್ಲ.

ಪ್ರದರ್ಶನ ಅತೀಕಾಳ ಬಹಳ ದಿನದ ಕನಸು. ಎರಡು ಸಾವಿರ ವರ್ಷ ಹಿಂದಿನ ಒಂದು ಶಿಲ್ಪದ ಚಿತ್ರ, ಅದರ ಪಕ್ಕದಲ್ಲಿ ಹೊಯ್ಸಳರ ಕಾಲದ್ದೋ ಕೆಳದಿಯವರ ಕಾಲದ್ದೋ ಇನ್ನೊಂದು. ಹೀಗೆ ಜೋಡಿ ಜೋಡಿಯಾಗಿ ಇಟ್ಟರೆ, ಆಗಿನ ಜನ ಹೇಗೆ ಬದುಕಿದ್ದರು, ಏನನ್ನು ದೊಡ್ಡದೆಂದುಕೊಂಡಿದ್ದರು ಎಂದು ನೋಡುವವರೇ ಊಹಿಸಬಹುದು.

ಮುಬಶ್ಶಿರ್ ರೈಲು ಹತ್ತಿ ಸನ್ನತಿಯವರೆಗೆ ಹೋಗಿ ಬೌದ್ಧ ಸ್ತೂಪದ ಫಲಕಗಳ ಫೋಟೋ ತಂದ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆಯನ್ನು ಇಬ್ಬರೂ ಸೇರಿ ಅಡಿ ಅಡಿಯಾಗಿ ನೋಡಿದರು. ಅವನು ಬೆಳಕು ಬಿಡುತ್ತಿದ್ದ, ಅವಳು ಓದುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಗೋಡೆಯ ಮೇಲಿನ ಶಿಲ್ಪವೊಂದನ್ನು ದಿಟ್ಟಿಸುತ್ತಾ ನಿಂತ. ತಲೆಯಿಂದ ಕಾಲಿನವರೆಗೆ ಒಡವೆ ಹೇರಿಕೊಂಡ ಹೆಣ್ಣು.

"ಮೇಡಂ, ಆಗಿನ ಹೆಂಗಸರು ದಿನಾ ಇಷ್ಟೊಂದು ಹಾಕ್ಕೊತಿದ್ರಾ?"

"ನಿಮಗೇನನ್ಸುತ್ತೆ?"

"ನಾನು ಮದುವೆ ಫೋಟೋ ತೆಗೆಯೋನು. ಸಾವಿರ ವರ್ಷ ಆದ್ಮೇಲೆ ನನ್ನ ಆಲ್ಬಂ ಯಾರಿಗಾದ್ರೂ ಸಿಕ್ಕಿದ್ರೆ, ಭದ್ರಾವತಿ ಹೆಂಗಸರು ಕೆಜಿಗಟ್ಟಲೆ ಚಿನ್ನ ಹಾಕ್ಕೊಂಡು ರೊಟ್ಟಿ ತಟ್ಟುತಿದ್ರು ಅಂತ ಬರೀತಾರೆ. ಅದರಲ್ಲಿ ಅರ್ಧ ಬಾಡಿಗೇದು ಅಂತ ಕಲ್ಲೂ ಹೇಳಲ್ಲ, ಕ್ಯಾಮೆರಾನೂ ಹೇಳಲ್ಲ!"

ಅತೀಕಾ ಮನಸಾರೆ ನಕ್ಕಳು. ದೇವಸ್ಥಾನದ ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ತಿರುಗಿ ನೋಡುವಷ್ಟು ಜೋರಾಗಿ.

ಇನ್ನೊಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಾ ಅವಳು ಎರಡು ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಸನ್ನತಿಯ ಫಲಕದಲ್ಲಿ ಗಂಡು ಹೆಣ್ಣು ಒಂದೇ ಎತ್ತರಕ್ಕೆ ನಿಂತಿದ್ದರು. ಇನ್ನೊಂದು ವೀರಗಲ್ಲಿನಲ್ಲಿ ವೀರನ ಪಕ್ಕ ನಿಂತ ಮನೆಯ ಹೆಂಗಸು ಅವನ ಸೊಂಟದವರೆಗೂ ಬರುವುದಿಲ್ಲ.

"ಅಂದ್ರೆ ಮೊದಲು ಸಮ ಇದ್ರು, ಆಮೇಲೆ ಚಿಕ್ಕವರಾದ್ರು ಅಂತಾನಾ?" ಅವನು ಕೇಳಿದ.

"ಹಾಗಂತ ಬರೆದುಬಿಡೋಕೆ ನನಗೂ ಆಸೆ! ಆದ್ರೆ ಸ್ತೂಪಕ್ಕೆ ಕಾಣಿಕೆ ಕೊಟ್ಟೋರಲ್ಲಿ ಹೆಂಗಸರೂ ಇರ್ತಿದ್ರು. ವೀರಗಲ್ಲು ಸತ್ತವನ ನೆನಪಿಗೆ ನಿಲ್ಲಿಸೋದು. ಅಲ್ಲಿ ಅವನೇ ದೊಡ್ಡೋನು. ಮಾಡಿಸಿದವರು ಬೇರೆ, ಉದ್ದೇಶ ಬೇರೆ."

"ಹಾಗಾದ್ರೆ ಈ ಚಿಕ್ಕ ಹೆಂಗಸು ಮನೇಲಿ ಅವನನ್ನ ಗದರಿಸ್ತಾನೂ ಇದ್ದಿರಬಹುದು."

"ಇರಬಹುದು. ಕಲ್ಲಿಗೆ ಗೊತ್ತಿಲ್ಲ."

ಅವನು ಚಿತ್ರವನ್ನೇ ನೋಡುತ್ತಾ ಮೆಲ್ಲಗೆ ಹೇಳಿದ. "ಗದರಿಸ್ತಿದ್ರೆ ಅವನ ಪುಣ್ಯ."

ಚಹಾದ ಲೋಟ ಅವಳ ಕೈಯಲ್ಲಿ ಹಾಗೇ ನಿಂತಿತು. ಅರಮನೆಯ ಅಂಗಳ... ಕನ್ನಡಿ... ತಾನು ಗದರಿಸಿದ್ದು... ಅದನ್ನೇ ಹೇಳುತ್ತಿದ್ದಾನಾ? ಅಥವಾ ಬರೀ ಕಲ್ಲಿನ ಮಾತಾ?

ಅವಳನ್ನು ನೋಡಲು ಬಂದ ಗಂಡುಗಳೆಲ್ಲ ಒಂದೇ ಪ್ರಶ್ನೆ ಕೇಳಿದ್ದರು. ಕಲ್ಲಿನ ಮೇಲೆ ಪಿಎಚ್‌ಡಿ ಮಾಡಿ ಏನುಪಯೋಗ? ಈ ಮನುಷ್ಯ ಮಾತ್ರ, ಇನ್ನೂ ಹೇಳಿ, ಆಮೇಲೆ, ಎನ್ನುತ್ತಿದ್ದ. ಅವನಿಗೆ ಹೇಳುವಾಗಲೇ ಅವಳಿಗೆ ತನ್ನ ವಿಷಯ ಸ್ಪಷ್ಟವಾಗುತ್ತಿತ್ತು. ಶನಿವಾರ ಬಂತೆಂದರೆ ಭದ್ರಾವತಿಯ ಬಸ್ಸಿನ ಕಿಟಕಿ ಪಕ್ಕದ ಸೀಟು ಹಬ್ಬದ ಹಾಗೆ ಕಾಣತೊಡಗಿತು.

ಅದೇ ವಾರ ದಾವಣಗೆರೆಯ ಸಂಬಂಧ ಬಂತು.

ಅತೀಕಾಳ ಅಬ್ಬಾ ಪೀರ್ ಬಾಷಾ ಶಿವಮೊಗ್ಗದಲ್ಲಿ ಲಾರಿ ರಿಪೇರಿಯ ಗ್ಯಾರೇಜು ನಡೆಸುವವರು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಓದಿಸಿ ಬೆಳೆಸಿದವರು. ಅವರು ಒತ್ತಾಯ ಮಾಡುವವರಲ್ಲ. ಆದರೆ ಮಗಳಿಗೆ ಮೂವತ್ತೊಂದು ದಾಟಿತ್ತು.

"ಹುಡುಗ ಬ್ಯಾಂಕಲ್ಲಿದಾನೆ. ಮರ್ಯಾದಸ್ಥ ಜನ. ನಿನ್ನ ಬಿಸಿಲಲ್ಲಿ ಅಲೆಯೋ ಕೆಲಸ ಮದುವೆ ಆದ್ಮೇಲೆ ಬಿಡಬಹುದು, ಆರಾಮಾಗಿ ಇರಬಹುದು ಅಂತ ಹೇಳಿದಾರೆ. ಒಳ್ಳೇ ಮನಸ್ಸಿಂದಾನೇ ಹೇಳಿದ್ದು ಕಣಮ್ಮ. ಏನು ಹೇಳ್ಲಿ?"

"ಯೋಚಿಸ್ತೀನಿ ಅಬ್ಬಾ."

ಯೋಚಿಸುವುದು ಏನಿತ್ತು? ಅವಳ ಮನಸ್ಸು ಆಗಲೇ ಇನ್ನೊಂದು ಊರಿನ ಬಸ್ಸು ಹತ್ತಿತ್ತು. ಒಂದೇ ಒಂದು ಮಾತು ಅವನ ಬಾಯಿಂದ ಬಂದರೆ ಸಾಕು. ಬರದಿದ್ದರೆ ತಾನೇ ಕೇಳಿಬಿಡಬೇಕು. ಹೌದು, ಕೇಳಿಬಿಡುತ್ತೇನೆ!

ಶುಕ್ರವಾರ ಮಧ್ಯಾಹ್ನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಅವಳು ಭದ್ರಾವತಿಗೆ ಹೋದಳು. ಅವನ ಸ್ಟುಡಿಯೋ ಹಳೇನಗರದ ಒಂದು ಓಣಿಯಲ್ಲಿತ್ತು. ಅವಳು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಬಾಗಿಲಿಗೆ ಬೀಗ. ಜುಮ್ಮಾ ನಮಾಜಿಗೆ ಹೋಗಿದ್ದಾನೆ, ಕಾದರಾಯಿತು ಎಂದುಕೊಂಡು ಅವಳು ಅಂಗಡಿಯ ಗಾಜಿನತ್ತ ತಿರುಗಿದಳು.

ಗಾಜಿನ ಹಿಂದೆ ಆಳೆತ್ತರದ ಒಂದು ಫೋಟೋ. ಕೆನೆಬಣ್ಣದ ಶೇರ್ವಾನಿ, ಕೊರಳಲ್ಲಿ ಗುಲಾಬಿ ಹಾರ ಹಾಕಿಕೊಂಡ ಮದುಮಗ... ಮುಬಶ್ಶಿರ್! ಅವನ ಪಕ್ಕದಲ್ಲಿ ಕೆಂಪು ಜರಿಯ ಮುಸುಕನ್ನು ಮುಖದ ತುಂಬಾ ಎಳೆದುಕೊಂಡು ತಲೆ ತಗ್ಗಿಸಿ ಕೂತ ಮದುಮಗಳು. ಮಡಿಲಲ್ಲಿ ಮೆಹಂದಿ ಹಚ್ಚಿದ ಕೈಗಳು. ಅವನು ಆ ಕೈಗಳನ್ನೇ ನೋಡುತ್ತಾ ನಗುತ್ತಿದ್ದ. ಎಂಥ ನಗು! ಇಷ್ಟು ಪ್ರೀತಿಯಿಂದ ಅವನು ನಕ್ಕಿದ್ದನ್ನು ಅವಳು ಕಂಡಿರಲೇ ಇಲ್ಲ.

ಮದುವೆಯಾಗಿದೆ.

ಅವನಿಗೆ ಮದುವೆಯಾಗಿದೆ!

ಹಾಗಾದರೆ ಆ ಚಹಾ? ಆ ಮಾತು? ಇಲ್ಲ... ಅವನು ಏನೂ ಹೇಳಲೇ ಇಲ್ಲವಲ್ಲ. ನಾನೇ ಕಟ್ಟಿಕೊಂಡೆ. ಅವನದೇನು ತಪ್ಪು? ನಾನು ಕೇಳಲಿಲ್ಲ, ಅವನು ಹೇಳಲಿಲ್ಲ...

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಫ್ರೀ ಟಿಕೆಟ್ ಹರಿದು ಕೊಡುತ್ತಾ ಅವಳ ಮುಖ ನೋಡಿದ. "ಹುಷಾರಿಲ್ವಾ ಅಕ್ಕ? ಕಿಟಕಿ ತೆಗೀಲಾ?"

"ಬೇಡ, ಧೂಳು ಬರುತ್ತೆ," ಎಂದು ಅವಳು ಕಣ್ಣೊರೆಸಿಕೊಂಡಳು. ಕಿಟಕಿ ಮುಚ್ಚಿಯೇ ಇತ್ತು.

ಸಂಜೆ ಅಬ್ಬಾ ಗ್ಯಾರೇಜಿನಿಂದ ಬಂದು ಕೈ ತೊಳೆಯುತ್ತಿದ್ದಾಗ ಅವಳು ಟವೆಲ್ ಹಿಡಿದು ನಿಂತಳು.

"ದಾವಣಗೆರೆಯವರಿಗೆ ಏನು ಹೇಳ್ಬೇಕೋ ಹೇಳಿ ಅಬ್ಬಾ. ನಿಮ್ಮಿಷ್ಟ."

ಅಬ್ಬಾ ಮಗಳ ಮುಖವನ್ನೇ ನೋಡಿದರು. "ನಿನ್ನಿಷ್ಟ?"

"ನಿಮ್ಮಿಷ್ಟಾನೇ ನನ್ನಿಷ್ಟ."

ಮಗಳ ಮಾತನ್ನು ನಂಬಿ ಅವರು ಫೋನ್ ಮಾಡಿದರು. ಮುಂದಿನ ಭಾನುವಾರ ದಾವಣಗೆರೆಯವರು ಬಂದು ಬಾತ್ ಪಕ್ಕಿ, ಅಂದರೆ ಮಾತು ಪಕ್ಕಾ, ಮಾಡುವುದೆಂದು ತೀರ್ಮಾನವಾಯಿತು. ಒಮ್ಮೆ ಹಿರಿಯರ ಮುಂದೆ ಸಕ್ಕರೆ ಹಂಚಿದರೆ ಆಮೇಲೆ ಹಿಂತೆಗೆಯುವ ಮಾತಿಲ್ಲ.

ಆ ವಾರ ಅತೀಕಾ ಮುಬಶ್ಶಿರನ ಮೆಸೇಜುಗಳಿಗೆ ಒಂದೊಂದು ಪದದಲ್ಲಿ ಉತ್ತರಿಸಿದಳು. ಸರಿ. ಆಯ್ತು. ಕಳಿಸಿ. ಅವನು ಫೋಟೋಗಳ ಬಗ್ಗೆ ಉದ್ದುದ್ದ ಪ್ರಶ್ನೆ ಕೇಳುತ್ತಿದ್ದವನು, ಬುಧವಾರದ ಹೊತ್ತಿಗೆ ತಾನೂ ಒಂದೊಂದು ಪದಕ್ಕೆ ಇಳಿದ. ಅದಕ್ಕೆ ಕಾರಣ ದೀಪಶ್ರೀ. ಚೌಕಟ್ಟಿನ ಅಳತೆ ಹೇಳಲು ಫೋನ್ ಮಾಡಿದವಳು ಖುಷಿಯಲ್ಲಿ ಬಾಯಿಬಿಟ್ಟಿದ್ದಳು. "ನಮ್ಮ ಅತೀಕಾಗೆ ದಾವಣಗೆರೆ ಗಂಡು ಗೊತ್ತಾಯ್ತು ಕಣ್ರೀ!"

ಇದು ಅತೀಕಾಳಿಗೆ ತಿಳಿಯದು. ಚೌಕಟ್ಟು ಹಾಕಿದ ಚಿತ್ರಗಳು ಟೆಂಪೋದಲ್ಲಿ ಬಂದವು, ಅವನ ಬದಲು ಒಂದು ಮೆಸೇಜು ಬಂತು. "ಪ್ರದರ್ಶನದ ದಿನ ಮದುವೆ ಆರ್ಡರ್ ಇದೆ. ಒಳ್ಳೇದಾಗಲಿ ಮೇಡಂ." ಅಷ್ಟೇ.

ಶನಿವಾರ ಕಾಲೇಜಿನ ಹಾಲ್ ತುಂಬಿ ತುಳುಕಿತು. ಗೋಡೆಯ ಉದ್ದಕ್ಕೂ ಜೋಡಿ ಚಿತ್ರಗಳು. ಜನ ಒಂದು ಚಿತ್ರ ನೋಡುವುದು, ಪಕ್ಕದ್ದನ್ನು ನೋಡುವುದು, ಮತ್ತೆ ಮೊದಲಿನದಕ್ಕೆ ಬರುವುದು. ಅತೀಕಾ ಕನಸು ಕಂಡಿದ್ದೂ ಹೀಗೆಯೇ. ಆದರೂ ಅವಳ ಎದೆ ಖಾಲಿ.

"ಮುಖ ಯಾಕೆ ಹಾಗಿದೆ ಮಾರಾಯ್ತಿ? ನಾಳೆ ಬಾತ್ ಪಕ್ಕಿ, ಇವತ್ತು ಇಷ್ಟು ಜನ... ನಗೇ!" ದೀಪಶ್ರೀ ಅವಳ ಸೊಂಟ ತಿವಿದು ಹೋದಳು.

ವೀರಗಲ್ಲಿನ ದೊಡ್ಡ ಚಿತ್ರದ ಮುಂದೆ ಕವನ ನಿಂತು ವಿವರಣೆ ಕೊಡುತ್ತಿದ್ದಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಓಬಯ್ಯ ಎಂಬ ಹಿರಿಯರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಅಲ್ಲಮ್ಮ, ಇವನ ಎರಡೂ ಕಡೆ ನಿಂತಿರೋದು ಇವನ ಹೆಂಡ್ರೇ ಅಲ್ವಾ?"

ಕವನ ಮೇಡಂ ಥರವೇ ದುಪಟ್ಟಾ ಸರಿಮಾಡಿಕೊಂಡಳು. "ಅಲ್ಲ ಸಾರ್! ಪಕ್ಕದಲ್ಲಿ ಕೆತ್ತಿದ ಮಾತ್ರಕ್ಕೆ ಹೆಂಡತಿ ಆಗಿಬಿಡಲ್ಲ. ನೋಡಿದ ತಕ್ಷಣ ತೀರ್ಪು ಕೊಡಬಾರದು. ಯಾರು ಮಾಡಿಸಿದ್ರು? ಯಾಕೆ? ಯಾರಿಗೆ ತೋರಿಸೋಕೆ? ಮೊದಲು ಇದನ್ನ ಕೇಳ್ಬೇಕು. ನಮ್ಮ ಮೇಡಂ ಹೇಳಿಕೊಟ್ಟಿದ್ದು."

ಎರಡು ಹೆಜ್ಜೆ ಆಚೆ ಹಾದುಹೋಗುತ್ತಿದ್ದ ಅತೀಕಾ ಗಕ್ಕನೆ ನಿಂತುಬಿಟ್ಟಳು.

ಯಾರು ಮಾಡಿಸಿದ್ರು... ಅಂಗಡಿಯವನು.

ಯಾಕೆ... ಅಂಗಡಿ ಗಾಜಿಗೆ.

ಯಾರಿಗೆ ತೋರಿಸೋಕೆ... ಗಿರಾಕಿಗಳಿಗೆ!

ಯಾ ಅಲ್ಲಾ! ತರಗತಿಯಲ್ಲಿ ವರ್ಷವಿಡೀ ಬೇಡ ಎಂದು ಹೇಳುವ ತಪ್ಪನ್ನು ತಾನೇ, ಒಂದು ಗಾಜಿನ ಮುಂದೆ ನಿಂತು, ಒಂದೇ ಉಸಿರಿಗೆ... ಅವನ ಮದುವೆಯೇ ಇರಬಹುದು. ಇರಲಿಕ್ಕಿಲ್ಲ. ಆದರೆ ತಾನು ಕೇಳಲೇ ಇಲ್ಲವಲ್ಲ! ಕೇಳದೆ ಬದುಕನ್ನೇ ಇನ್ನೊಂದು ಊರಿಗೆ ಬರೆದುಕೊಡಲು ಹೊರಟಿದ್ದೇನಲ್ಲ!

"ದೀಪಾ, ಹಾಲ್ ನೋಡ್ಕೊ. ನಾನು ಭದ್ರಾವತಿಗೆ ಹೋಗ್ಬೇಕು."

"ಈಗಾ? ಅತಿಥಿಗಳು ಬರ್ತಿದಾರೆ! ಏನಾಯ್ತೇ?"

"ಒಂದು ಫೋಟೋನ ಸರಿಯಾಗಿ ನೋಡಿಲ್ಲ."

ಸ್ಟುಡಿಯೋದ ಬಾಗಿಲು ತೆರೆದಿತ್ತು. ಅತೀಕಾ ಒಳಗೆ ಹೋಗಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಈ ಸಲ ಮದುಮಗನ ನಗುವನ್ನು ನೋಡಲಿಲ್ಲ. ಮದುಮಗಳ ಕೈಗಳನ್ನು ನೋಡಿದಳು.

ಮೆಹಂದಿ ಗಾಢವಾಗಿತ್ತು. ಅದರ ಕೆಳಗೆ ನರಗಳು ಎದ್ದಿದ್ದವು. ಬೆರಳ ಗಿಣ್ಣುಗಳು ದಪ್ಪಗಿದ್ದವು. ಮಣಿಕಟ್ಟಿನ ಚರ್ಮ ಸುಕ್ಕುಗಟ್ಟಿತ್ತು.

ಇದು ಹುಡುಗಿಯ ಕೈಯಲ್ಲ... ಅಲ್ಲವೇ ಅಲ್ಲ!

"ಏನಮ್ಮ, ಅಷ್ಟು ಹೊತ್ತಿಂದ ನೋಡ್ತಿದೀಯ? ದುಲ್ಹನ್ ಚೆನ್ನಾಗಿದಾಳಾ?"

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ದುಂಡು ಮುಖ, ಕೈಯಲ್ಲಿ ಸುಲಿಯುತ್ತಿದ್ದ ಅವರೆಕಾಯಿಯ ಮೊರ.

"ಚೆನ್ನಾಗಿದಾರೆ... ಯಾರು ಇವರು?"

"ನಾನೇ!"

ಅತೀಕಾ ಒಮ್ಮೆ ಅವರನ್ನು, ಒಮ್ಮೆ ಫೋಟೋವನ್ನು ನೋಡಿದಳು.

"ನೂರ್‌ಜಹಾನ್ ನನ್ನ ಹೆಸರು. ಪಕ್ಕದಲ್ಲಿರೋನು ನನ್ನ ಮಗ, ಈ ಅಂಗಡಿಯೋನು." ಅವರು ಮೊರವನ್ನು ಸೊಂಟಕ್ಕೆ ಒತ್ತಿಕೊಂಡು ನಗಲು ಶುರುಮಾಡಿದರು. "ಅಂಗಡಿ ತೆರೆದಾಗ ಗಾಜಿಗೆ ಒಂದು ಮದುವೆ ಫೋಟೋ ಬೇಕಿತ್ತಮ್ಮ. ಯಾರು ಕೊಡ್ತಾರೆ? ನಮ್ಮ ಮಗಳ ಮುಖ ಬೀದಿಲಿ ತೂಗು ಹಾಕ್ತೀಯಾ ಅಂತ ಹೊಡೆಯೋಕೇ ಬರ್ತಾರೆ. ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ. ನಾನೇ ಅಂದೆ, ನನ್ನ ಹಳೇ ಜರಿ ದುಪಟ್ಟಾ ಇದೆ, ಮುಸುಕು ಎಳ್ಕೊಂಡು ನಾನೇ ಕೂತ್ಕೋತೀನಿ ಅಂತ."

"ಅವರು ಯಾಕೆ ಮದುಮಗ ಆದ್ರು?"

"ಮತ್ತೆ? ಬೇರೆ ಯಾವ ಗಂಡಸನ್ನ ನನ್ನ ಪಕ್ಕ ಕೂರಿಸ್ತಾನೆ!"

ಅತೀಕಾ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವೋ ಅಳುವೋ ತಿಳಿಯದಂತಾಯಿತು. ನೂರ್‌ಜಹಾನ್ ಮೊರ ಕೆಳಗಿಟ್ಟು ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು.

"ನೀನು... ಶಿವಮೊಗ್ಗದ ಕಲ್ಲಿನ ಮೇಡಂ ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ಅಲ್ಮೇರಾದ ಕನ್ನಡಿ ಬಿಚ್ಕೊಂಡು ಹೋದ ದಿನದಿಂದ ಊಟಕ್ಕೆ ಕೂತ್ರೆ ನಿನ್ನ ಮಾತೇ. ಮೇಡಂ ಹೀಗಂದ್ರು, ಮೇಡಂ ಹಾಗಂದ್ರು. ಈ ವಾರ ಮಾತ್ರ ಸುಮ್ನೆ. ಕೇಳಿದ್ರೆ, ಅವರಿಗೆ ಗಂಡು ಗೊತ್ತಾಗಿದೆ ಅಮ್ಮಿ, ಬಿಡಿ ಅಂದ. ಅರ್ಧ ರೊಟ್ಟಿ ಬಿಟ್ಟು ಎದ್ದ." ಅವರು ಅವಳ ಗಲ್ಲ ಎತ್ತಿದರು. "ನಿಜವಾ ಬೇಟಾ?"

ಅತೀಕಾ ಬ್ಯಾಗಿನಿಂದ ಫೋನ್ ತೆಗೆದಳು.

ಅತ್ತ ಕಡೆ ಸುತ್ತಿಗೆಯ ಸದ್ದು, ಲಾರಿ ಎಂಜಿನ್ನಿನ ಗೊರಗೊರ.

"ಅಬ್ಬಾ, ನಾಳೆ ದಾವಣಗೆರೆಯವರಿಗೆ ಬರೋದು ಬೇಡ ಅಂತ ಹೇಳ್ತೀರಾ?"

"ಏನು? ಜೋರಾಗಿ ಹೇಳಮ್ಮ! ಏಯ್, ಎಂಜಿನ್ ಆಫ್ ಮಾಡ್ರೋ!"

ಸದ್ದು ನಿಂತಿತು. ಈಗ ಇಡೀ ಗ್ಯಾರೇಜು ಕೇಳಿಸಿಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಆದರೂ ಹೇಳಿದಳು.

"ನನಗೆ ಇಷ್ಟ ಇಲ್ಲ ಅಬ್ಬಾ. ಆವತ್ತೇ ಇರಲಿಲ್ಲ. ಸುಳ್ಳು ಹೇಳ್ದೆ. ತಪ್ಪು ನಂದೇ... ಭದ್ರಾವತೀಲಿ ಒಬ್ಬರಿದಾರೆ."

ಅತ್ತ ಕಡೆ ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿತು.

"ಅವನು ಹೂಂ ಅಂದಿದಾನಾ?"

"ಇನ್ನೂ ಕೇಳಿಲ್ಲ."

"ಕೇಳೇ ಇಲ್ವಾ! ಕೇಳದೇನೇ ಮನೆಗೆ ಬರೋ ಗಂಡನ್ನ ಬೇಡ ಅನ್ನು ಅಂತೀಯಾ? ನಾಳೆ ಅವನು ಇಲ್ಲ ಅಂದ್ರೆ?"

"ಇಲ್ಲ ಅಂದ್ರೂ ದಾವಣಗೆರೆ ಬೇಡ ಅಬ್ಬಾ. ಇಷ್ಟ ಇಲ್ಲದ ಮನೆಗೆ ಹೋಗಿ ಆ ಹುಡುಗನಿಗೂ ಮೋಸ ಮಾಡಲ್ಲ. ನನ್ನ ಕಲ್ಲುಗಳನ್ನೂ ಬಿಡಲ್ಲ."

ಅಬ್ಬಾ ದೊಡ್ಡದಾಗಿ ಉಸಿರು ಬಿಟ್ಟರು. "ಬೈಗುಳ ತಿನ್ನೋದು ನಾನು. ಹ್ಞೂಂ... ತಿಂತೀನಿ. ಒಂದು ಕೆಲಸ ಮಾಡು. ಅವನನ್ನ ಇವತ್ತೇ ಕೇಳು. ನಾಳೆಗೆ ಅಂತ ಆಗಲೇ ನಾಲ್ಕು ಕೋಳಿ ಹೇಳಿದೀನಿ!"

ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ನೂರ್‌ಜಹಾನ್ ಎದ್ದು ಸೆರಗು ಸಿಕ್ಕಿಸಿದರು. "ಬಾ. ಅವನು ಇಲ್ಲೇ ಹಿಂದಿನ ರಸ್ತೆ ಶಾದಿ ಮಹಲ್‌ನಲ್ಲಿದಾನೆ."

ಶಾದಿ ಮಹಲ್‌ನಲ್ಲಿ ಬಿರಿಯಾನಿಯ ದಮ್ ಆಗಷ್ಟೇ ತೆಗೆದಿದ್ದರು. ಅತ್ತರಿನ ವಾಸನೆ, ಮಕ್ಕಳ ಗಲಾಟೆ, ಜರಿಯ ಮಿಣುಕು. ಬಾಗಿಲಲ್ಲಿ ನಿಂತ ಹೆಂಗಸರು ಅತೀಕಾಳನ್ನು ಗಂಡಿನ ಕಡೆಯವಳೆಂದು ತಿಳಿದು ಕೈಗೆ ಗುಲಾಬಿ ಕೊಟ್ಟರು, ಮುಂಗೈಗೆ ಅತ್ತರು ಸವರಿದರು. "ಬನ್ನಿ, ಬನ್ನಿ, ಇಷ್ಟು ಲೇಟಾ?"

"ಲೇಟಾಯ್ತು," ಎಂದಳು ಅತೀಕಾ. ಅದು ನಿಜವೇ ಆಗಿತ್ತು.

ವೇದಿಕೆಯ ಮುಂದೆ ಮುಬಶ್ಶಿರ್ ಕುರ್ಚಿ ಹತ್ತಿ ನಿಂತು ಒಂದು ದೊಡ್ಡ ಕುಟುಂಬವನ್ನು ಚೌಕಟ್ಟಿಗೆ ಹೊಂದಿಸುತ್ತಿದ್ದ.

"ಮಾಮೂ, ಸ್ವಲ್ಪ ಎಡಕ್ಕೆ... ಖಾಲಾ, ಮಗು ಮುಖ ಈಚೆಗೆ... ಎಲ್ಲಾರೂ ಇಲ್ಲಿ ನೋಡಿ..."

ಅವನು ಮಾತ್ರ ಬಾಗಿಲ ಕಡೆ ನೋಡಿದ.

ಕುಟುಂಬ ಹಲ್ಲು ಬಿಟ್ಟುಕೊಂಡೇ ಕಾಯಿತು. ಕ್ಯಾಮೆರಾ ಕ್ಲಿಕ್ಕೆನ್ನಲಿಲ್ಲ.

"ಅರೆ ಮುಬಶ್ಶಿರ್, ಹೊಡೆಯಪ್ಪಾ! ದವಡೆ ನೋಯ್ತಿದೆ!" ಯಾರೋ ಕೂಗಿದರು.

ಅವನು ಹೇಗೋ ಒಂದು ಕ್ಲಿಕ್ ಮಾಡಿ ಕುರ್ಚಿಯಿಂದ ಇಳಿದು ಬಂದ. ಹಿಂದೆ ನಿಂತ ಅಮ್ಮಿಯನ್ನು ನೋಡಿದ. ಅತೀಕಾಳನ್ನು ನೋಡಿದ. ಅಮ್ಮಿ ಮಾತ್ರ, ಬಿರಿಯಾನಿ ಹೇಗಾಗಿದೆಯೋ ನೋಡಬೇಕು ಎನ್ನುತ್ತಾ ಜಾಣತನದಿಂದ ಮಾಯವಾದರು.

"ಮೇಡಂ... ನೀವು ಇಲ್ಲಿ? ಇವತ್ತು ಪ್ರದರ್ಶನ..."

"ನಿಮ್ಮ ಅಂಗಡಿ ಗಾಜಲ್ಲಿರೋ ಫೋಟೋ ನೋಡಿದೆ. ಹೋದ ಶುಕ್ರವಾರ. ನಿಮಗೆ ಮದುವೆ ಆಗಿದೆ ಅಂದ್ಕೊಂಡೆ."

ಮುಬಶ್ಶಿರ್ ಕಣ್ಣು ಕಣ್ಣು ಬಿಟ್ಟ. "ಅಮ್ಮಿ ಜೊತೆನಾ!"

"ನಗಬೇಡಿ. ಒಂದು ವಾರ ಅತ್ತಿದೀನಿ."

ಅವನ ನಗು ಅಲ್ಲೇ ನಿಂತಿತು. "ನೀವು ಅತ್ರಾ... ನನಗೋಸ್ಕರ?"

ಸುತ್ತ ಗದ್ದಲ. ಮಗುವೊಂದು ಇಬ್ಬರ ನಡುವೆಯೇ ನುಸುಳಿ ಓಡಿತು. ಅತೀಕಾ ಕೈಯಲ್ಲಿದ್ದ ಗುಲಾಬಿಯ ಒಂದೊಂದೇ ಎಸಳು ಕೀಳುತ್ತಿದ್ದಳು, ಅವಳಿಗೇ ಅರಿವಿಲ್ಲದೆ.

"ನಿಮಗೆ ದಾವಣಗೆರೆ..." ಎಂದ ಅವನು, ಮುಂದೆ ಹೇಳಲಾರದೆ.

"ಬೇಡ ಅಂದೆ. ಅಬ್ಬಾಗೆ ಈಗ ತಾನೇ ಫೋನಲ್ಲಿ ಹೇಳ್ದೆ. ಗ್ಯಾರೇಜಿನೋರೆಲ್ಲ ಕೇಳಿಸ್ಕೊಂಡ್ರು."

"ಬುಧವಾರದಿಂದ ಒಂದು ಫೋಟೋನೂ ನೆಟ್ಟಗೆ ಬಂದಿಲ್ಲ ನಂಗೆ," ಎಂದ ಅವನು ನಿಧಾನವಾಗಿ. "ಹೇಳಬೇಕು ಅಂತ ಎಷ್ಟೋ ಸಲ ಬಾಯಿವರೆಗೆ ಬಂದಿತ್ತು. ಓದಿದೋರು ನೀವು. ನಾನು ಮದುವೆ ಮನೆ ಫೋಟೋಗ್ರಾಫರ್. ನೀವು ಮಾತಾಡೋದು ಕೇಳ್ತಾ ಇದ್ರೆ ಸಾಕು, ಕೇಳಿ ಕಳ್ಕೊಳ್ಳೋದು ಬೇಡ ಅನ್ಕೊಂಡೆ."

"ಅದೇ ತಪ್ಪು ನಾನೂ ಮಾಡ್ದೆ. ಈಗ ಕೇಳಿ."

"ಇಲ್ಲೇನಾ?"

"ಇಲ್ಲೇ."

ಅವನು ಕ್ಯಾಮೆರಾವನ್ನು ಕೊರಳಿಂದ ತೆಗೆದು ಕುರ್ಚಿಯ ಮೇಲಿಟ್ಟ. ಬರಿಗೈಯಲ್ಲಿ ನಿಂತಾಗ ಅವನು ಇನ್ನೂ ಚಿಕ್ಕ ಹುಡುಗನಂತೆ ಕಂಡ.

"ಅತೀಕಾ... ನನ್ನ ಮದುವೆ ಆಗ್ತೀರಾ? ಬಿಸಿಲಿರೋ ಕಡೆಗೆಲ್ಲ ಹೋಗೋಣ. ನಿಮ್ಮ ಕೆಲಸ ಬಿಡಿ ಅಂತ ಯಾವತ್ತೂ ಅನ್ನಲ್ಲ."

ಅವಳು ತಲೆಯಾಡಿಸಿದಳು. ಇಷ್ಟು ವರ್ಷ ಪಾಠ ಮಾಡಿದ ಗಂಟಲು ಈಗ ಒಂದು 'ಹೂಂ' ಹೇಳಲು ಅಷ್ಟು ಕಷ್ಟಪಟ್ಟಿತು!

"ಕೇಳಿಸ್ಲಿಲ್ಲ," ಎಂದ ಅವನು.

"ಹೂಂ ಅಂದೆ!"

ಊಟಕ್ಕೆ ಹಾಸಿದ ದಸ್ತರ್‌ಖಾನಿನ ಹತ್ತಿರ ಹೆಂಗಸರ ಗುಂಪಿನಿಂದ ಕಿಲಕಿಲ ನಗು ಎದ್ದಿತು. ಇಬ್ಬರೂ ಬೆಚ್ಚಿ ತಿರುಗಿದರು. ನೂರ್‌ಜಹಾನ್ ಕಣ್ಣೊರೆಸಿಕೊಳ್ಳುತ್ತಾ ಪಕ್ಕದವರಿಗೆ ಏನೋ ಹೇಳುತ್ತಿದ್ದರು. ಹೆಂಗಸೊಬ್ಬರು ಸಿಹಿಯ ತಟ್ಟೆಯನ್ನೇ ಎತ್ತಿ ತೋರಿಸಿದರು.

"ಊಟ ಮಾಡಿದ್ರಾ?" ಅವನು ಮೆಲ್ಲಗೆ ಕೇಳಿದ.

"ಕರೆಯದ ಮದುವೇಲಿ ಹೇಗೆ ಕೂತ್ಕೊಳ್ಳಿ?"

"ನಾಳೆ ನಾನೂ ಅಮ್ಮಿನೂ ನಿಮ್ಮನೆಗೆ ಬರ್ತೀವಿ. ನಮ್ಮನ್ನೂ ಯಾರೂ ಕರೆದಿಲ್ಲ."

"ಬನ್ನಿ," ಎಂದಳು ಅತೀಕಾ, ಕೊನೆಯ ಎಸಳನ್ನು ಅವನ ಅಂಗೈಯಲ್ಲಿಡುತ್ತಾ. "ಅಬ್ಬಾ ನಾಲ್ಕು ಕೋಳಿ ಹೇಳಿದಾರೆ."